ರಬ್ಬರ್ ಕೈ ನಿಮ್ಮದೇ ಅನಿಸುವಂತೆ ಮಾಡುವುದು ಹೇಗೆ?

ಸಂಶೋಧಕರಾದ ಬಾಟ್ವಿನಿಕ್ ಮತ್ತು ಕೋಹೆನ್ 1998ರಲ್ಲಿ ಪ್ರಕಟಿಸಿದ ಈ ಪ್ರಯೋಗಕ್ಕೆ ಲ್ಯಾಬ್ ಬೇಡ. ರಬ್ಬರ್ ಕೈ ಬದಲಿಗೆ ಹತ್ತಿ ತುಂಬಿದ ಎಡಗೈ ಗ್ಲೌಸ್, ಒಂದೇ ಅಳತೆಯ ಎರಡು ಪೇಂಟ್ ಬ್ರಷ್, ರಟ್ಟು, ಟವೆಲ್ ಸಾಕು.

ಕೂತವರ ಎಡಗೈಯನ್ನು ಮೇಜಿನ ಮೇಲಿಟ್ಟು ರಟ್ಟಿನಿಂದ ಮರೆಮಾಡಿ. ರಟ್ಟಿನ ಈಚೆಗೆ, ಆ ಕೈಯಿಂದ ಸುಮಾರು 15 ಸೆಂ.ಮೀ. ದೂರದಲ್ಲಿ ಗ್ಲೌಸ್ ಇಡಿ. ಬೆರಳುಗಳು ಅದೇ ದಿಕ್ಕಿಗಿರಲಿ. ಅಡ್ಡಡ್ಡ ಇಟ್ಟರೆ ಅದು ತನ್ನದೇ ಕೈ ಎಂಬ ಭ್ರಮೆ ಹುಟ್ಟುವುದು ಕಷ್ಟ. ಗ್ಲೌಸಿನ ಬುಡದಿಂದ ಭುಜದವರೆಗೆ ಟವೆಲ್ ಹೊದಿಸಿ.

ಗ್ಲೌಸನ್ನೇ ನೋಡುತ್ತಿರಲು ಹೇಳಿ, ಗ್ಲೌಸಿನ ಮತ್ತು ಮರೆಯಲ್ಲಿರುವ ಕೈಯ ತೋರುಬೆರಳುಗಳನ್ನು ಬ್ರಷ್‌ಗಳಿಂದ ಏಕಕಾಲಕ್ಕೆ, ಬುಡದಿಂದ ತುದಿಯತ್ತ, ಎರಡು ಮೂರು ನಿಮಿಷ ಸವರಿ. ಏನಾಗುತ್ತದೆಂದು ಮೊದಲೇ ಬಾಯಿಬಿಡಬೇಡಿ, ಉತ್ತರ ಕೆಡುತ್ತದೆ.

ಹೆಚ್ಚಿನವರು ಎಡವುವುದು ಸಮಯದಲ್ಲೇ. ಕಣ್ಣಿಗೆ ಕಂಡದ್ದೂ ಚರ್ಮಕ್ಕೆ ತಾಗಿದ್ದೂ ಕೂಡಿಬಂದರೆ ಮಾತ್ರ ಮಿದುಳು ಅವೆರಡನ್ನೂ ಒಂದೇ ಘಟನೆಯೆಂದು ಬೆಸೆಯುತ್ತದೆ. ಒಂದು ಬ್ರಷ್ ಅರ್ಧ ಸೆಕೆಂಡ್ ಹಿಂದೆ ಬಿದ್ದರೂ ಭ್ರಮೆ ಸಡಿಲವಾಗುತ್ತದೆ. ಬೇಕೆಂದೇ ಹಾಗೆ ತಪ್ಪಿಸಿ ಇನ್ನೊಂದು ಸುತ್ತು ಮಾಡಿ, ಹೋಲಿಸಲು ಅದು ಬೇಕೇ ಬೇಕು.

ಅಳೆಯುವುದಕ್ಕೆ, ಕಣ್ಣು ಮುಚ್ಚಿಸಿ, ಎಡ ತೋರುಬೆರಳು ಎಲ್ಲಿದೆಯೆಂದು ಮೇಜಿನ ಕೆಳಗಿಂದ ಬಲಗೈಯಲ್ಲಿ ತೋರಿಸಲು ಹೇಳಿ. ಭ್ರಮೆ ಹಿಡಿದಿದ್ದರೆ ಗುರುತು ಗ್ಲೌಸಿನತ್ತ ಜರುಗಿರುತ್ತದೆ. ಕೆಲವರಿಗೆ ಏನೂ ಅನಿಸುವುದಿಲ್ಲ, ಅದನ್ನೂ ಬರೆದಿಟ್ಟುಕೊಳ್ಳಿ.