ಹಾಯಿದೋಣಿಯಲ್ಲಿ ಪವರ್ ಸ್ಟೇಷನ್: ಯಾವುದಕ್ಕೆ ಸೈ, ಯಾವುದಕ್ಕೆ ಬೇಡ

ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪನ್ನು ಮಾತ್ರ ಪವರ್ ಸ್ಟೇಷನ್‌ಗೆ (ಕೈಯಲ್ಲಿ ಹೊತ್ತೊಯ್ಯಬಹುದಾದ ಬ್ಯಾಟರಿ ಪೆಟ್ಟಿಗೆಗೆ) ಜೋಡಿಸಬೇಡಿ. ಇದೊಂದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನದು ಕ್ಯಾಟಲಿನಾ 27, ಹಳೆಯ ಹಾಯಿದೋಣಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬರ್ಕ್ಲಿ ಮರೀನಾದಲ್ಲಿ (ದೋಣಿ ನಿಲ್ಲಿಸುವ ತಾಣ) ಕಟ್ಟಿರುತ್ತೇನೆ. ಬೇಸಿಗೆಯ ವಾರಾಂತ್ಯಗಳಲ್ಲಿ ರಿಚರ್ಡ್‌ಸನ್ ಬೇ ಕಡೆ ಹೋಗಿ, ಲಂಗರು ಹಾಕಿ ರಾತ್ರಿ ಅಲ್ಲೇ ಉಳಿಯುವುದುಂಟು. ಕರೆಂಟಿನ ಚಿಂತೆ ಶುರುವಾಗುವುದೇ ಆಗ.

ದೋಣಿಯಲ್ಲಿ ಮೊದಲಿನಿಂದ ಇದ್ದದ್ದು 12 ವೋಲ್ಟಿನ ಎರಡು ಲೆಡ್ ಆಸಿಡ್ ಬ್ಯಾಟರಿ. ಒಂದು ಇಂಜಿನ್ ಸ್ಟಾರ್ಟ್ ಮಾಡಲು, ಇನ್ನೊಂದು ಉಳಿದ ಬಳಕೆಗೆ. ಊರಲ್ಲಿ ಮನೆಗೆ ಯುಪಿಎಸ್ ಹಾಕಿಸಿದವರಿಗೆ ಇದರ ಕಷ್ಟಸುಖ ಗೊತ್ತೇ ಇರುತ್ತದೆ. ಡಿಸ್ಟಿಲ್ಡ್ ವಾಟರ್ ನೋಡಿಕೊಳ್ಳಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಬರುವುದರಿಂದ ಗಾಳಿಯಾಡಬೇಕು. 100 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಅಂದರೆ ಲೆಕ್ಕಕ್ಕೆ 1,200 ವ್ಯಾಟ್-ಅವರ್. ಆದರೆ ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಹಾಳಾಗುತ್ತದೆ. ಹಾಗಾಗಿ ಕೈಗೆ ಸಿಗುವುದು 600. ನನ್ನ ಪುಟ್ಟ ಫ್ರಿಜ್ ಒಂದೇ ದಿನಕ್ಕೆ ಸುಮಾರು 400 ತಿಂದುಬಿಡುತ್ತದೆ.

ಅದಕ್ಕೇ 1,000 ವ್ಯಾಟ್-ಅವರ್‌ನ ಒಂದು ಪವರ್ ಸ್ಟೇಷನ್ ತಂದೆ. ಒಳಗಿರುವುದು ಲಿಥಿಯಂ ಐರನ್ ಫಾಸ್ಫೇಟ್, ಹೆಚ್ಚುಕಮ್ಮಿ ಪೂರ್ತಿ ಬಳಸಬಹುದು. ಮನೆಯಲ್ಲೇ ಚಾರ್ಜ್ ಮಾಡಿ ಕೈಯಲ್ಲಿ ಹಿಡಿದು ತಂದರಾಯಿತು. ವೈರಿಂಗ್ ಮುಟ್ಟುವ ಹಾಗೇ ಇಲ್ಲ. ಫ್ರಿಜ್, ಲ್ಯಾಪ್‌ಟಾಪ್, ಫೋನು ಎಲ್ಲಾ ಆರಾಮಾಗಿ ನಡೆಯಿತು. ಫ್ರಿಜ್ಜನ್ನು ಪವರ್ ಸ್ಟೇಷನ್ನಿನ 12 ವೋಲ್ಟ್ ಸಾಕೆಟ್‌ಗೇ ಹಾಕಿ. ಎಸಿ ಬಟನ್ ಒತ್ತಿಟ್ಟರೆ ಒಳಗಿನ ಇನ್ವರ್ಟರ್ ಸುಮ್ನೆ ಕೂತೇ ರಾತ್ರಿಯಿಡೀ ಕರೆಂಟು ಕುಡಿಯುತ್ತದೆ.

ಆಮೇಲೆ ಮರೀನಾದಲ್ಲೇ ಒಂದು ಪರೀಕ್ಷೆ ಮಾಡಿದೆ. ಲಂಗರು ಹಾಕಿದ ದೋಣಿ ರಾತ್ರಿ ಬೇರೆಯವರಿಗೆ ಕಾಣಲೆಂದು ಉರಿಸುವ ಲಂಗರು ದೀಪವನ್ನು ಪವರ್ ಸ್ಟೇಷನ್‌ಗೆ ಜೋಡಿಸಿ ಬಿಟ್ಟೆ. ಎಲ್‌ಇಡಿ ದೀಪ, ಎರಡು ವ್ಯಾಟ್ ಇದ್ದರೆ ಹೆಚ್ಚು. ಕೆಲವು ಗಂಟೆ ಉರಿದು ತಾನಾಗಿ ಆರಿತು. ಪರದೆಯಲ್ಲಿ ಚಾರ್ಜ್ ಇನ್ನೂ ಶೇಕಡಾ 90ರ ಮೇಲಿತ್ತು! ಲೋಡ್ ತೀರಾ ಕಮ್ಮಿ ಇದ್ದರೆ ಬಳಕೆಯೇ ಇಲ್ಲ ಅಂದುಕೊಂಡು ಅದು ಔಟ್‌ಪುಟ್ ಬಂದ್ ಮಾಡುತ್ತದೆ. ಸೆಟ್ಟಿಂಗ್‌ನಲ್ಲಿ ಇದನ್ನು ತೆಗೆಯಬಹುದು, ನಾನೂ ತೆಗೆದೆ. ಆದರೆ ಬಿಲ್ಜ್ ಪಂಪ್ ನೀರು ಬರುವವರೆಗೆ ಒಂದು ಹನಿ ಕರೆಂಟೂ ಎಳೆಯುವುದಿಲ್ಲ. ದಿನಗಟ್ಟಲೆ ಕಾಯುತ್ತದೆ. ನೀರಿನ ಜೊತೆ ತೇಲಿ ಪಂಪ್ ಚಾಲೂ ಮಾಡುವ ಫ್ಲೋಟ್ ಸ್ವಿಚ್ ಎದ್ದ ಕ್ಷಣಕ್ಕೆ ಕರೆಂಟು ಇರಲೇಬೇಕು. ಯಾರಾದರೂ ಒಂದು ಬಟನ್ ಒತ್ತಿ ಆರಿಸಬಹುದಾದ ಪೆಟ್ಟಿಗೆಯ ಮೇಲೆ ದೋಣಿಯನ್ನೇ ನಂಬಿಸಿ ಮನೆಗೆ ಹೋಗುವುದು ಹೇಗೆ, ಅಲ್ವಾ?

ಇಂಜಿನ್ ಸ್ಟಾರ್ಟ್ ಮಾಡುವ ಮಾತಂತೂ ಬೇಡ. ಸ್ಟಾರ್ಟರ್ ನೂರಕ್ಕೂ ಜಾಸ್ತಿ ಆಂಪಿಯರ್ ಎಳೆಯುತ್ತದೆ, ಈ ಸಾಕೆಟ್ ಕೊಡುವುದು ಹತ್ತು. ಉಪ್ಪುನೀರಿನ ಭಯ ಬೇರೆ. ಪವರ್ ಸ್ಟೇಷನ್ನಿನ ಫ್ಯಾನಿನ ಕಿಂಡಿಗಳು ತೆರೆದೇ ಇರುತ್ತವೆ. ನಾನು ಪೆಟ್ಟಿಗೆಯನ್ನು ಕ್ಯಾಬಿನ್ ಒಳಗೆ, ಮೆಟ್ಟಿಲಿನಿಂದ ದೂರ, ಬೆಲ್ಟ್ ಹಾಕಿ ಬಿಗಿದಿದ್ದೇನೆ. ಮಧ್ಯಾಹ್ನದ ಗಾಳಿಗೆ ದೋಣಿ ವಾಲಿದಾಗ ಅದು ಜಾರಬಾರದು.

ಈಗ ಪಂಪ್, ವಿಎಚ್‌ಎಫ್ ರೇಡಿಯೊ (ದೋಣಿಗಳ ನಡುವೆ ಮಾತಾಡುವ ರೇಡಿಯೊ), ದೀಪಗಳು ಹಳೆಯ ಬ್ಯಾಟರಿಯಲ್ಲೇ ಇವೆ. ಫ್ರಿಜ್ ಆ ಕಡೆ ಹೋದ ಮೇಲೆ ಬೆಳಿಗ್ಗೆ ಮೀಟರ್ ಹಿಡಿದರೆ 12.5 ವೋಲ್ಟ್ ತೋರಿಸುತ್ತದೆ, ಅಂದರೆ ಚಾರ್ಜ್ ಚೆನ್ನಾಗೇ ಉಳಿದಿರುತ್ತದೆ. ಬಳಕೆಯ ಬ್ಯಾಟರಿಯನ್ನೂ ಲಿಥಿಯಂಗೆ ಬದಲಾಯಿಸುವ ಆಸೆ ಇದೆ. ಅದಕ್ಕೆ ಮೊದಲು ಚಾರ್ಜಿಂಗ್ ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಕೂರಿಸಬೇಕು, ಇಲ್ಲದಿದ್ದರೆ ಲಿಥಿಯಂ ಎಳೆಯುವ ರಭಸಕ್ಕೆ ಇಂಜಿನ್ನಿನ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಕಾದು ಸುಟ್ಟುಹೋಗಬಹುದು.