ರೌಟರಿಗೆ ವೈಫೈ ಕಾರ್ಡ್ ಕೂರಿಸುವುದು ಹೇಗೆ?

‘ಕಾರ್ಡ್ ಸತ್ತೋಗಿದೆ’ ಎಂದು ಪರಿಚಯದವರು ರೌಟರ್ ಹಿಡಿದುಕೊಂಡು ಮನೆಗೆ ಬರುತ್ತಲೇ ಇರುತ್ತಾರೆ. ನಾಲ್ಕು ಸಲ ಬಿಚ್ಚಿ ನೋಡಿದ್ದೇನೆ, ಒಂದು ಸಲವೂ ಕಾರ್ಡ್ ಸತ್ತಿರಲಿಲ್ಲ. ಇಬ್ಬರದು ಆಂಟೆನಾ ವೈರ್ ಕೂತಿರಲಿಲ್ಲ. ಒಬ್ಬರು ತಪ್ಪು ಆಂಟೆನಾ ಹಾಕಿದ್ದರು. ಇನ್ನೊಬ್ಬರು ದೇಶದ ಕೋಡ್ ಮರೆತಿದ್ದರು.

ನಾನು ಹೇಳುತ್ತಿರುವುದು ಓಪನ್‌ಡಬ್ಲ್ಯುಆರ್‌ಟಿ ಓಡುವ ರೌಟರುಗಳ ಬಗ್ಗೆ. ಲಿಂಕ್‌ಸಿಸ್‌ನ ಹಳೆಯ ಡಬ್ಲ್ಯುಆರ್‌ಟಿ54ಜಿ ರೌಟರಿನ ಸೋರ್ಸ್ ಕೋಡ್‌ನಿಂದ 2004ರಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ ಅದು. ಜೆಕ್ ದೇಶದ ಟುರಿಸ್ ಓಮ್ನಿಯಾ, ಸ್ವಿಟ್ಜರ್‌ಲೆಂಡಿನ ಎಪಿಯು2 ಬೋರ್ಡ್‌ಗಳಂಥವುಗಳಲ್ಲಿ ಕಾರ್ಡ್ ಕೂರಿಸಲು ಮಿನಿ ಪಿಸಿಐಇ ಎಂಬ ಸ್ಲಾಟ್ ಇರುತ್ತದೆ. ವೈಫೈ ಹಳೆಯದಾದರೆ ರೌಟರ್ ಎಸೆಯಬೇಕಿಲ್ಲ, ಕಾರ್ಡ್ ಬದಲಿಸಿದರೆ ಸಾಕು.

ಮೊದಲು ಕಾರ್ಡ್. ಮೀಡಿಯಾಟೆಕ್ ಇಲ್ಲವೇ ಕ್ವಾಲ್ಕಾಮ್ ಅಥೆರೋಸ್ ಚಿಪ್ ಇರುವುದನ್ನೇ ತೆಗೆದುಕೊಳ್ಳಿ. ಹಳೆ ಲ್ಯಾಪ್‌ಟಾಪಿನಿಂದ ಕಿತ್ತ ಇಂಟೆಲ್ ಕಾರ್ಡ್ ಬೇಡ. ಅದು ವೈಫೈ ಹಿಡಿಯಲು ಮಾಡಿದ್ದು, ಹಂಚಲು ಅಲ್ಲ. ವೈಫೈನ 5 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಸಾಮಾನ್ಯವಾಗಿ ಕೈಕೊಡುತ್ತದೆ. ‘ಯುಎಸ್‌ಬಿ ಡಾಂಗಲ್ ಚುಚ್ಚಿದರೆ ಸಾಲದಾ?’ ಅಂತ ಎಲ್ಲರೂ ಕೇಳುತ್ತಾರೆ. ಸಾಲದು.

ಮುಚ್ಚಳ ಬಿಚ್ಚುವ ಮೊದಲೇ ಕೇಬಲ್ ಇಂಟರ್‌ನೆಟ್‌ನಲ್ಲಿ ಡ್ರೈವರ್ ಇಳಿಸಿಕೊಳ್ಳಿ. ಮೀಡಿಯಾಟೆಕ್‌ನ ಎಂಟಿ7915 ಚಿಪ್ ಆದರೆ ಡ್ರೈವರ್ ಪ್ಯಾಕೇಜಿನ ಹೆಸರು ಕೆಮಾಡ್-ಎಂಟಿ7915ಇ. ಜೊತೆಗೆ ಡಬ್ಲ್ಯುಪ್ಯಾಡ್ ಪ್ಯಾಕೇಜ್ ಇದೆಯಾ ನೋಡಿ. ಅದಿಲ್ಲದೆ ಪಾಸ್‌ವರ್ಡ್ ಇರುವ ವೈಫೈ ಏಳುವುದಿಲ್ಲ.

ಆಮೇಲೆ ಪವರ್ ಕಿತ್ತು, ಕಾರ್ಡನ್ನು ಓರೆಯಾಗಿ ತೂರಿಸಿ, ಕೆಳಗೆ ಒತ್ತಿ, ಸ್ಕ್ರೂ ಹಾಕಿ. ಡಿಸ್ಕ್ ಕೂರಿಸುವ ಎಂಸಾಟಾ ಸ್ಲಾಟ್ ಕೂಡ ನೋಡಲು ಥೇಟ್ ಹೀಗೇ ಇರುತ್ತದೆ. ಯಾವುದು ಯಾವುದೆಂದು ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ.

ಈಗ ಎಲ್ಲರೂ ಎಡವುವ ಜಾಗ: ಆಂಟೆನಾ ವೈರ್. ಕಾರ್ಡಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಚಿನ್ನದ ಬಣ್ಣದ ಬಳೆಗಳಿರುತ್ತವೆ. ಹೆಸರು ಯು.ಎಫ್‌ಎಲ್. ವೈರಿನ ತಲೆ ಇದರ ಮೇಲೆ ಮಗುವಿನ ಅಂಗಿಯ ಟಿಚ್ ಬಟನ್ ಥರ ಕೂರಬೇಕು. ತಲೆಯನ್ನು ಬಳೆಯ ಮೇಲೆ ಸಮತಟ್ಟಾಗಿ ಇಡಿ, ಒತ್ತಬೇಡಿ. ಉಗುರಿನಿಂದ ಮೆಲ್ಲಗೆ ಅತ್ತಿತ್ತ ಸರಿಸಿ. ಒಂದು ಕಡೆ ಬಂದಾಗ ಅದು ಸರಿಯುವುದು ನಿಲ್ಲುತ್ತದೆ, ನಡುವಿಗೆ ಬಂತು ಎಂದರ್ಥ. ಈಗ ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ‘ಟಕ್’ ಅನ್ನುತ್ತದೆ. ಅನ್ನದಿದ್ದರೆ ಬಲ ಹಾಕಬೇಡಿ, ಎತ್ತಿ ಮತ್ತೆ ಮೊದಲಿನಿಂದ ಮಾಡಿ. ಓರೆಯಾಗಿ ಒತ್ತಿದರೆ ಬಳೆ ನಜ್ಜುಗುಜ್ಜು. ತೆಗೆಯುವಾಗಲೂ ವೈರ್ ಹಿಡಿದು ಎಳೆಯಬಾರದು, ತಲೆಯ ಅಡಿಗೆ ಉಗುರು ಕೊಟ್ಟು ನೇರ ಮೇಲೆತ್ತಬೇಕು. ಸುಮ್ನೆ ಹಾಕಿ ತೆಗೆದು ಆಟ ಆಡಬೇಡಿ. ಈ ಕನೆಕ್ಟರ್ ತಯಾರಿಸುವ ಹಿರೋಸೆ ಕಂಪನಿಯೇ ಅದರ ಬಾಳಿಕೆ 30 ಸಲ ಎಂದು ಹೇಳುತ್ತದೆ. ಎಂ.2 ಎಂಬ ಹೊಸ ಮಾದರಿಯ ಕಾರ್ಡ್‌ಗಳ ಬಳೆ ಇನ್ನೂ ಚಿಕ್ಕದು, ಅದಕ್ಕೆ ಈ ವೈರ್ ಆಗುವುದಿಲ್ಲ.

ವೈರಿನ ಇನ್ನೊಂದು ತುದಿಗೆ ಆಂಟೆನಾ. ರೌಟರ್ ಕಡೆ ನಡುವೆ ಪಿನ್ ಇದ್ದರೆ ಆಂಟೆನಾದಲ್ಲಿ ತೂತು ಇರಬೇಕು. 4ಜಿ ಆಂಟೆನಾಗಳದು ಸಾಮಾನ್ಯವಾಗಿ ತಿರುವುಮುರುವು. ಆದರೂ ತಿರುಪು ಸಲೀಸಾಗಿ ತಿರುಗುತ್ತದೆ, ಅದೇ ಮೋಸ. ಎರಡೂ ಕಡೆ ತೂತೇ ಇದ್ದರೆ ನಡುವೆ ಇರುವುದು ಗಾಳಿ ಮಾತ್ರ. ಗೇಣುದ್ದದ ಆಂಟೆನಾ ಮೇಲೆ ‘12 ಡಿಬಿಐ’ (ಆಂಟೆನಾ ಬಲದ ಅಳತೆ) ಎಂದು ಬರೆದಿದ್ದರೆ ನಂಬಬೇಡಿ, ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಆಂಟೆನಾ ಹಾಕದೆ ವೈಫೈ ಆನ್ ಮಾಡಲೇಬೇಡಿ.

ಪವರ್ ಕೊಟ್ಟು ಬ್ರೌಸರಿನಲ್ಲಿ 192.168.1.1 ತೆರೆಯಿರಿ. ನೆಟ್‌ವರ್ಕ್, ವೈರ್‌ಲೆಸ್ ಪುಟದಲ್ಲಿ ಹೊಸ ರೇಡಿಯೋ ಕಾಣಬೇಕು. ಹೆಸರು, ಪಾಸ್‌ವರ್ಡ್ ಹಾಕಿ, ‘ಲ್ಯಾನ್’ಗೆ ಟಿಕ್ ಮಾಡಿ. ಅಡ್ವಾನ್ಸ್ಡ್ ಪುಟದಲ್ಲಿ ದೇಶ ಇಂಡಿಯಾ ಎಂದು ಆರಿಸಿ. ಇದನ್ನು ಬಿಟ್ಟರೆ ಹೆಚ್ಚಿನ ಕಾರ್ಡ್‌ಗಳು 5 ಗಿಗಾಹರ್ಟ್ಸ್‌ನಲ್ಲಿ ಬಾಯಿ ತೆರೆಯುವುದಿಲ್ಲ. ಪವರ್ ಜಾಸ್ತಿ ಸಿಗುತ್ತದೆ ಎಂದು ಬೇರೆ ದೇಶ ಆರಿಸುವವರಿದ್ದಾರೆ. ಅದು ಕಾನೂನಿಗೂ ವಿರುದ್ಧ, ಉಪಯೋಗವೂ ಕಡಿಮೆ. ರೌಟರ್ ಎಷ್ಟು ಕೂಗಿದರೂ ಫೋನಿನ ದನಿ ಮೊದಲಿನಷ್ಟೇ ಅಲ್ವಾ? ನಮ್ಮಲ್ಲೇನು ಕಡಿಮೆ, 2018ರಲ್ಲೇ 5 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ 605 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಲು ಸಿಕ್ಕಿದೆ.

ಚಾನೆಲ್ 36 ಹಾಕಿ. ನಾನು ಬೇರೆ ಹಾಕುವುದಿಲ್ಲ. 52ರಿಂದ ಮೇಲಿನ ಹಲವು ಚಾನೆಲ್‌ಗಳಲ್ಲಿ ರಾಡಾರ್ ಇದೆಯಾ ಎಂದು ರೌಟರ್ ಒಂದು ನಿಮಿಷ ಕಿವಿಗೊಟ್ಟು ಕೂರುತ್ತದೆ. ಅಷ್ಟರಲ್ಲಿ ‘ಕೆಟ್ಟಿದೆ’ ಎಂದು ಪವರ್ ಕೀಳುವವರೇ ಜಾಸ್ತಿ. ಸೇವ್ ಮಾಡಿ ‘ಎನೇಬಲ್’ ಒತ್ತಿ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ವೈಫೈ ಸಾಮಾನ್ಯವಾಗಿ ತಾನಾಗಿ ಆನ್ ಆಗುವುದಿಲ್ಲ.

ಮುಚ್ಚಳ ಈಗಲೇ ಹಾಕಬೇಡಿ. ಫೋನ್ ಜೋಡಿಸಿ, ಎರಡು ಹೆಜ್ಜೆ ದೂರದಲ್ಲಿಟ್ಟು, ರೌಟರಿನ ಟರ್ಮಿನಲ್‌ನಲ್ಲಿ ‘ಐಡಬ್ಲ್ಯು’ ಆದೇಶದ ಸ್ಟೇಷನ್ ಡಂಪ್, ಅಂದರೆ ಜೋಡಿಸಿದ ಫೋನಿನ ಸಿಗ್ನಲ್ ವಿವರ ನೋಡಿ. ಒಂದೊಂದು ಆಂಟೆನಾದ ಸಿಗ್ನಲ್ ಬೇರೆ ಬೇರೆ ತೋರಿಸುವ ಕಾರ್ಡ್ ಆದರೆ ಸಾಲು ಹೀಗಿರುತ್ತದೆ: -46, -48. ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು. ಎರಡೂ ಹೆಚ್ಚುಕಡಿಮೆ ಒಂದೇ, ಚೆನ್ನಾಗಿದೆ. -46, -70 ಬಂದರೆ ಫೋನ್ ತಿರುಗಿಸಿ ಇನ್ನೊಮ್ಮೆ ನೋಡಿ. ಆಗಲೂ ಅದೇ ಆದರೆ ಪವರ್ ಕಿತ್ತು ಎರಡನೇ ವೈರಿನ ತಲೆ ಎತ್ತಿ, ಮತ್ತೆ ‘ಟಕ್’ ಅನ್ನಿಸಿ.