ಚಿಕ್ಕ ಮಕ್ಕಳಲ್ಲಿ ಟಿಕ್ ಗುರುತಿಸುವ ಬಗೆ: ಮಕ್ಕಳ ವೈದ್ಯನಾಗಿ ನನ್ನ ಅನುಭವ

ಟಿಕ್ (ಬೇಕೆಂದು ಮಾಡದಿದ್ದರೂ ತಟ್ಟನೆ ಮತ್ತೆ ಮತ್ತೆ ಆಗುವ ಚಲನೆ ಅಥವಾ ಸದ್ದು) ಇರುವ ಮಕ್ಕಳಲ್ಲಿ ಅನೇಕರು ನನ್ನಲ್ಲಿಗೆ ಬರುವ ಹೊತ್ತಿಗೆ ಕಣ್ಣಿಗೆ ಅಲರ್ಜಿಯ ಹನಿಗಳನ್ನೋ ಗಂಟಲಿಗೆ ಕೆಮ್ಮಿನ ಸಿರಪ್ಪನ್ನೋ ಮುಗಿಸಿಕೊಂಡೇ ಬಂದಿರುತ್ತಾರೆ. ಅದರಲ್ಲಿ ಆಶ್ಚರ್ಯವಿಲ್ಲ, ಟಿಕ್ ಸಾಮಾನ್ಯವಾಗಿ 4ರಿಂದ 6ನೇ ವಯಸ್ಸಿನ ನಡುವೆ, ಹೆಚ್ಚಾಗಿ ಕಣ್ಣು ಮಿಟುಕಿಸುವುದರಿಂದ ಶುರುವಾಗಿ, ಮುಂದೆ ಮೂಗು ಸುಕ್ಕಿಸುವುದು, ಭುಜ ಹಾರಿಸುವುದು, ಗಂಟಲು ಕೆರೆದಂತೆ ಸದ್ದು ಮಾಡುವುದು ಹೀಗೆ ರೂಪ ಬದಲಿಸುತ್ತಾ ಹೋಗುತ್ತದೆ.

ಮಗುವನ್ನು ದಿಟ್ಟಿಸಿ ಕುಳಿತರೆ ನಮಗೆ ಏನೂ ಕಾಣದೆ ಹೋಗಬಹುದು. ಆದ್ದರಿಂದ ತಾಯಿಯೊಡನೆ ಮಾತನಾಡುತ್ತಲೇ ಓರೆಗಣ್ಣಿನಲ್ಲಿ ಗಮನಿಸುತ್ತೇನೆ. ಮಗು ಟಿವಿ ನೋಡುವಾಗ ಅದಕ್ಕೆ ತಿಳಿಯದಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿ ತರಲು ಹೇಳುತ್ತೇನೆ. "ಗದರಿಸಿದರೆ ನಿಲ್ಲಿಸುತ್ತಾನಲ್ಲ ಡಾಕ್ಟ್ರೇ, ಬೇಕೆಂದೇ ಮಾಡುವುದು" ಎನ್ನುವ ತಂದೆಯರಿಗೆ, ಬರುವ ಸೀನನ್ನು ಕ್ಷಣಹೊತ್ತು ತಡೆಯಬಹುದೇ ಹೊರತು ಇಲ್ಲವಾಗಿಸಲಾಗದು ಎಂದು ವಿವರಿಸುತ್ತೇನೆ. ದೊಡ್ಡ ಮಕ್ಕಳಾದರೆ ಮಾಡದಿದ್ದರೆ ಒಳಗೆ ಕಿರಿಕಿರಿಯಾಗುತ್ತದೆ ಎಂದು ತಾವೇ ಹೇಳುತ್ತಾರೆ. ಐದಾರು ವರ್ಷದವರಿಗೆ ಅದನ್ನು ಹೇಳಲು ಬರುವುದಿಲ್ಲ.

ಮಾತಿನ ನಡುವೆ ಮಗು ಸ್ತಬ್ಧವಾಗಿ, ಕರೆದರೂ ಓಗೊಡದೆ ಕೆಲವು ಸೆಕೆಂಡು ರೆಪ್ಪೆ ಅದುರಿಸಿದರೆ ಅದು ಅಪಸ್ಮಾರದ ಒಂದು ಬಗೆಯಾಗಿರಬಹುದಾದ್ದರಿಂದ ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಮಾಡಿಸುತ್ತೇನೆ. ಟಿಕ್‌ನಲ್ಲಿ ಅರಿವು ತಪ್ಪುವುದಿಲ್ಲ. ನಾನು ಹೆಚ್ಚು ಎಚ್ಚರ ವಹಿಸುವುದು ಕೊರಿಯಾ ಎಂಬ, ಕೈಕಾಲು ಮುಖ ತಾವಾಗಿಯೇ ಅಡ್ಡಾದಿಡ್ಡಿ ಚಲಿಸುವ ತೊಂದರೆಯ ಬಗ್ಗೆ. ಗಂಟಲು ಸೋಂಕಿನ ಕೆಲವು ವಾರ ಅಥವಾ ತಿಂಗಳುಗಳ ನಂತರ ಬರುವ ಸಿಡೆನ್‌ಹ್ಯಾಮ್ ಕೊರಿಯಾದಲ್ಲಿ ಚಲನೆ ಒಂದೇ ಬಗೆಯಾಗಿರದೆ ಅಂಗದಿಂದ ಅಂಗಕ್ಕೆ ಹರಿದಾಡುತ್ತದೆ. ಕೈಬರಹ ಕೆಡುತ್ತದೆ, ಹೊರಚಾಚಿದ ನಾಲಿಗೆ ನಿಲ್ಲುವುದಿಲ್ಲ. ಅದೇ ಗಂಟಲು ಸೋಂಕಿನ ಬೆನ್ನಲ್ಲೇ ಹೃದಯದ ಕವಾಟಗಳನ್ನು ಕೆಡಿಸಬಲ್ಲ ರುಮ್ಯಾಟಿಕ್ ಹೃದ್ರೋಗ ನಮ್ಮಲ್ಲಿ ಇನ್ನೂ ಇರುವುದರಿಂದ ಅಂಥ ಮಗುವಿಗೆ ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆ ಬಿಡುವಂತಿಲ್ಲ. ಇಂಥ ಅನುಮಾನಗಳಿಲ್ಲದಿದ್ದರೆ ಟಿಕ್‌ಗೆಂದು ಸ್ಕ್ಯಾನ್ ಬರೆಯುವುದು, ನನ್ನ ದೃಷ್ಟಿಯಲ್ಲಿ, ಪೋಷಕರ ಹಣ ಮತ್ತು ನಿದ್ದೆ ಎರಡನ್ನೂ ಕೆಡಿಸುವ ಕೆಲಸ.

ಟುರೆಟ್ ಎಂಬ ಹೆಸರನ್ನು ನಾನು ಅವಸರದಲ್ಲಿ ಬಳಸುವುದಿಲ್ಲ. ಚಲನೆಯ ಹಲವು ಟಿಕ್‌ಗಳೂ ಕನಿಷ್ಠ ಒಂದು ಧ್ವನಿಯ ಟಿಕ್ಕೂ ಕಂಡುಬಂದು, ಆರಂಭದಿಂದ ಒಂದು ವರ್ಷ ಮೀರಿದರೆ ಮಾತ್ರ ಆ ಹೆಸರು ಸಲ್ಲುತ್ತದೆ. ಕೆಟ್ಟ ಮಾತು ಹೊರಬೀಳುವುದು ಅವರಲ್ಲೂ ಕೆಲವರಿಗಷ್ಟೇ.

ಗಮನದ ಕೊರತೆ, ಬಿಡದೆ ಕಾಡುವ ಯೋಚನೆಗಳು ಇವೆಯೇ ಎಂದು ಪ್ರತ್ಯೇಕವಾಗಿ ಕೇಳುತ್ತೇನೆ, ಏಕೆಂದರೆ ಶಾಲೆಯಲ್ಲಿ ಮಗುವನ್ನು ಹಿಂದೆ ಹಾಕುವುದು ಎಷ್ಟೋ ಸಲ ಟಿಕ್ ಅಲ್ಲ, ಅವೇ. ಟಿಕ್ಕನ್ನು ಎತ್ತಿ ಆಡಬಾರದು, ಶಿಕ್ಷಿಸಬಾರದು ಎಂದು ಶಿಕ್ಷಕರಿಗೆ ಚೀಟಿ ಬರೆದುಕೊಡುತ್ತೇನೆ. ಕತ್ತು ನೋಯುವಷ್ಟು, ಇಲ್ಲವೇ ಸಹಪಾಠಿಗಳ ಗೇಲಿಯಿಂದ ಶಾಲೆಯೇ ಬೇಡವೆನ್ನುವಷ್ಟು ತೊಂದರೆಯಾದಾಗ ವರ್ತನಾ ಚಿಕಿತ್ಸೆಗೆ ಕಳುಹಿಸುತ್ತೇನೆ. ಔಷಧದ ಮಾತು ಅದಾದ ಮೇಲೆಯೇ.